ಉಳ್ಳಾಲಕ್ಕೆ ಹೊರಟ ಹಾಸಿಗೆ

ಡಾಕ್ಟರು ಹೇಳಿದ್ದನ್ನು ಸೊಸೆ ಫಿರ್ದೋಸ್ ಊಟ ಬಡಿಸುತ್ತಲೇ ಹೇಳಿಬಿಟ್ಟಳು. ಸ್ವಲ್ಪ ತಡೆಯಬಹುದಿತ್ತು. ಗಂಡಸರು ಹಸಿದು ಬಂದಿದ್ದರು, ತಟ್ಟೆಯಲ್ಲಿನ ಮುದ್ದೆ ಇನ್ನೂ ಮುರಿದಿರಲಿಲ್ಲ.

"ಝೋಯಾನ ಹದಿನೈದು ದಿನ ಸಮುದ್ರದ ಕಡೆ ಇಟ್ಟು ನೋಡಿ ಅಂದ್ರು ಮಾವ. ಈ ಚಳೀಲಿ, ಈ ಧೂಳಲ್ಲಿ ಇಟ್ಕೋಬೇಡಿ ಅಂದ್ರು."

ನಮ್ಮ ಮನೆಯವರು ತಲೆ ಎತ್ತಲಿಲ್ಲ. "ಯಾವ ಧೂಳು?"

"ಹತ್ತಿ ಧೂಳು."

"ಹತ್ತಿ ಧೂಳಲ್ಲಮ್ಮ. ಹತ್ತಿ ಹತ್ತೀನೇ."

ನಾವು ಪಿಂಜಾರರು. ಮನೆಯಲ್ಲೂ ಕನ್ನಡವನ್ನೇ ಆಡುವ ಸಾಬರು. ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಎರಡರ ನಡುವಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಷೀನು. ಇವರ, ಅಂದರೆ ಗುಲಾಮ್ ನಬಿ ಸಾಬರ, ಹಾಸಿಗೆ ಎಂದರೆ ಗುಬ್ಬಿಯಿಂದ ಕುಣಿಗಲ್‌ವರೆಗೆ ಹೆಸರು. ಮಷೀನು ಬರುವ ಮೊದಲು ಅವರು ಹಿಂಜುವ ಬಿಲ್ಲು ಹೆಗಲ ಮೇಲೆ ಹೊತ್ತು ಊರ್ಡಿಗೆರೆ ಕಡೆ ಹಳ್ಳಿ ಹಳ್ಳಿ ತಿರುಗಿ, ಜಗಲಿಯ ಮೇಲೆ ಕೂತು ಹತ್ತಿ ಹಿಂಜಿ ಕೊಟ್ಟು ಬರುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರ ಹುಬ್ಬು ಯಾವಾಗಲೂ ಬೆಳ್ಳಗಿರುತ್ತಿತ್ತು. ಮುದುಕನಿಗೆ ಕೊಟ್ಟರೇನೋ ಎಂದು ನನ್ನ ತಂಗಿಯರು ನಗುತ್ತಿದ್ದರು.

ಝೋಯಾ ನಮ್ಮ ದೊಡ್ಡ ಮಗ ಜಾವೇದನ ಮಗಳು, ಆರು ವರ್ಷ. ಎರಡು ಚಳಿಗಾಲದಿಂದ ಅವಳಿಗೆ ಉಬ್ಬಸ. ಹಿಂದಿನ ವರ್ಷವಂತೂ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಇಟ್ಟು ಮಲಗಿಸಿದ್ದರು. ನಾನು ಈಗ ಹೇಳುತ್ತಿರುವುದು ತೊಂಬತ್ತೊಂಬತ್ತನೇ ಇಸವಿಯದು. ಆ ಸಲ ದೀಪಾವಳಿ ಮುಗಿಯುವ ಮೊದಲೇ ಚಳಿ ಬಿತ್ತು, ಮಗುವಿನ ಎದೆ ಸುಂಯ್ ಎನ್ನತೊಡಗಿತು.

"ಗಾಳಿ ಬದಲಾಯಿಸೋದಾದ್ರೆ ಕುಣಿಗಲ್‌ನಲ್ಲಿ ನಿಮ್ಮಪ್ಪನ ಮನೆ ಇಲ್ವಾ?" ಎಂದರು ಇವರು.

"ಹೋದ್ ವರ್ಷ ಕರ್ಕೊಂಡ್ ಹೋಗಿದ್ನಲ್ಲ. ಅಲ್ಲೂ ಬಂತಲ್ಲ ಉಬ್ಬಸ."

"ನೋಡು ಮತ್ತೆ! ಅಲ್ಲಿ ಹತ್ತಿ ಇತ್ತಾ? ಮಷೀನ್ ಇತ್ತಾ?"

"ಮಲಗಿದ್ದು ನೀವು ಮದುವೇಲಿ ನಮ್ಮಪ್ಪನ ಮನೆಗೆ ಕೊಟ್ಟ ಹಾಸಿಗೆ ಮೇಲೆ."

ಜಾವೇದ್ ಹೆಂಡತಿಯ ಕಡೆ ಕಣ್ಣು ಬಿಟ್ಟ. ಇವರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರು. ಆಮೇಲೆ ಮಗನನ್ನೇ ಕೇಳಿದರು.

"ಡಾಕ್ಟ್ರು ಇನ್ನೇನಂದ್ರಲಾ? ಪೂರ್ತಿ ಹೇಳು."

ಜಾವೇದ್ ನೀರು ಕುಡಿದ. "ಅಲ್ಲಿ ಚೆನ್ನಾಗಿದ್ದು, ವಾಪಸ್ ಬಂದ್ ಮೇಲೆ ಮತ್ತೆ ಶುರುವಾದ್ರೆ, ಮಷೀನು ಮನೆಯಿಂದ ಆಚೆ ಹೋಗ್ಬೇಕು ಅಂದ್ರು. ಇಲ್ದೇ ಇದ್ರೆ ಮಗು ಉಳಿಯೋದು ಕಷ್ಟ ಅಂದ್ರು."

"ಹಂಗನ್ನು. ಮಗೂನ ಕರ್ಕೊಂಡು ಹೋಗ್ತಿರೋದು ಗಾಳಿಗಲ್ಲ. ಪಂಚಾಯ್ತಿಗೆ. ಒಂದು ಕಡೆ ಸಮುದ್ರ, ಒಂದು ಕಡೆ ನಾನು."

ಅವರು ತಟ್ಟೆಯಲ್ಲೇ ಕೈ ತೊಳೆದರು. ಅರ್ಧ ಮುದ್ದೆ ಹಾಗೇ ಉಳಿದಿತ್ತು.

ಕಿರಿಯ ಮಗ ಅಫ್ರೋಜ್ ವ್ಯಾನು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಮದುವೆಯಾಗಿರಲಿಲ್ಲ, ಬಾಯಿ ಮಾತ್ರ ಜೋರು. ಮಾರನೆಯ ದಿನ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲ ಲೆಕ್ಕ ಹಾಕಿಬಿಟ್ಟ.

"ಅತ್ತಿಗೆ, ಈಗ ಉಳ್ಳಾಲದಲ್ಲಿ ದರ್ಗಾ ಉರುಸೂ ಇಲ್ಲ, ಸ್ಕೂಲ್ ರಜಾನೂ ಇಲ್ಲ. ಸಮುದ್ರದ ಹತ್ರ ರೂಮ್‌ನೋರು ಕೈ ಹಿಡ್ದು ಎಳ್ಕೊಂಡು ಹೋಗ್ತಾರೆ. ಅಲ್ಲಿ ನಂಗೆ ಗೊತ್ತಿರೋ ಡ್ರೈವರ್ ಒಬ್ಬವ್ನೆ, ಅಡುಗೆ ಮಾಡ್ಕೊಳೋ ಥರ ರೂಮ್ ಕೊಡಿಸ್ತಾನೆ. ಆದ್ರೆ ಒಂದ್ ಮಾತು. ಡಿಸೆಂಬರ್ ಶುರುವಾದ್ರೆ ನನ್ ಗಾಡಿ ಸ್ವಾಮಿಗಳದ್ದು. ಕುಣಿಗಲ್ ಬೆಟ್ಟಸ್ವಾಮಿ ಟೀಮು ಶಬರಿಮಲೆಗೆ ಹೇಳ್ಬಿಟ್ಟವ್ರೆ. ಅಷ್ಟ್ರೊಳಗೆ ಬಿಟ್ಟು ಬರ್ಬೇಕು."

"ಡಿಸೆಂಬರ್ ಎರಡನೇ ವಾರ ರಂಜಾನು" ಎಂದೆ ನಾನು. "ಹೋಗೋದಾದ್ರೆ ಶಬೇಬರಾತ್ ಹಬ್ಬ ಮುಗಿಸ್ಕೊಂಡು ಹೊರಡ್ಬೇಕು, ಚಂದ್ರ ಕಾಣೋ ಹೊತ್ತಿಗೆ ಮನೇಲಿರ್ಬೇಕು."

"ಕುಣಿಗಲ್ ಮೇಲೆ ಹಾಸನ, ಸಕಲೇಶಪುರ, ಶಿರಾಡಿ ಇಳಿದ್ರೆ ಮಂಗಳೂರು. ಬೆಳಿಗ್ಗೆ ಬಿಟ್ರೆ ಸಂಜೆಗೆ ಸಮುದ್ರ."

ಉಳ್ಳಾಲದ ಹೆಸರು ಬಂದಾಗ ನನ್ನ ಮನಸ್ಸಿನಲ್ಲಿದ್ದದ್ದೂ ಬಾಯಿಗೆ ಬಂತು. ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಮಗುವಿನ ಕಾಲ ಹತ್ತಿರ ಕೂತು, ಉಳಿದರೆ ಉಳ್ಳಾಲದ ದರ್ಗಾಕ್ಕೆ ಚಾದರ ಹೊದಿಸುತ್ತೇನೆ ಎಂದು ಮನ್ನತ್ತು ಕಟ್ಟಿಕೊಂಡಿದ್ದೆ. ಅದನ್ನು ರಾತ್ರಿ ಇವರ ಮುಂದೆ ಹೇಳಿದೆ. ದರ್ಗಾ ಎಂದ ಕೂಡಲೇ ಇವರ ಮುಖ ಸಡಿಲವಾಯಿತು.

"ಮನ್ನತ್ತು ಅಂದ್ಮೇಲೆ ಬೇಡ ಅನ್ನಕ್ಕಾಗಲ್ಲ. ಹೋಗ್ಬನ್ನಿ" ಎಂದರು.

ನಾನು ಗೆದ್ದೆ ಎಂದುಕೊಂಡು ಬೆಳಿಗ್ಗೆ ಫಿರ್ದೋಸಿಗೆ ಹೇಳಿದೆ. ಅವಳು ಹಾಸಿಗೆಯ ಬಟ್ಟೆ ಹೊಲಿಯುತ್ತಿದ್ದಳು. ಅಂಗಡಿಯ ಹೊಲಿಗೆಯೆಲ್ಲ ಅವಳದೇ. ಹೊಲಿಗೆ ಮಷೀನಿನ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಅತ್ತೆ, ಮಾವ ಯಾಕೆ ಒಪ್ಪಿದ್ರು ಗೊತ್ತಾ? ಅಲ್ಲಿ ಮಗು ಸರಿಹೋದ್ರೆ ದರ್ಗಾದಿಂದ ಸರಿಹೋಯ್ತು ಅಂತಾರೆ. ಹತ್ತಿ ಮೇಲೆ ಮಾತೇ ಬರಲ್ಲ. ಮಷೀನು ಇಲ್ಲೇ ಇರ್ತದೆ."

"ಬಾಬಾ ದಯೆಯಿಂದ ಸರಿಹೋದ್ರೆ ನಿಂಗೇನ್ ಕಷ್ಟ?"

"ಬಾಬಾ ಅಲ್ಲೇ ಅವ್ರೆ. ನನ್ ಮಗು ವಾಪಸ್ ಇಲ್ಲಿಗೆ ಬರ್ಬೇಕಲ್ಲ!"

ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ನಾನು ಒಲೆಯ ಹತ್ತಿರ ಹೋಗಿ ಬೇಳೆಯ ನೊರೆ ತೆಗೆದೆ. ಸ್ವಲ್ಪ ಹೊತ್ತಿಗೆ ಅವಳೇ ಬಂದು ಈರುಳ್ಳಿ ಸುಲಿಯುತ್ತಾ ಕೂತಳು.

"ಕೊನೇ ದಿನ ಹೋಗೋಣ ದರ್ಗಾಕ್ಕೆ. ಅಲ್ಲೀಗಂಟ ಬರೀ ಗಾಳಿ. ಅಷ್ಟು ಮಾಡಿ ಅತ್ತೆ."

"ಆಗ್ಲಿ" ಎಂದೆ.

ಆಮೇಲಿನ ದಿನಗಳಲ್ಲಿ ಇವರು ಹೋಗಬೇಡಿ ಎಂದು ಬಾಯಿ ಬಿಟ್ಟು ಒಮ್ಮೆಯೂ ಹೇಳಲಿಲ್ಲ. ಕೆಲಸ ಮಾತ್ರ ಹೆಚ್ಚಿಸುತ್ತಾ ಹೋದರು. ದೀಪಾವಳಿಯಿಂದ ಸಂಕ್ರಾಂತಿವರೆಗೆ ಹಾಸಿಗೆಯವನಿಗೆ ಸುಗ್ಗಿ. ಹೊಸ ರಜಾಯಿ ಕೇಳುವವರು, ಮದುವೆಗೆ ಹಾಸಿಗೆ ಹೇಳುವವರು, ಎಲ್ಲಕ್ಕಿಂತ ಹೆಚ್ಚಾಗಿ ಗಂಟು ಕಟ್ಟಿದ ಹಳೇ ಹಾಸಿಗೆ ಹೊತ್ತು ತಂದು ಹಿಂಜಿ ಕೊಡಿ ಎನ್ನುವವರು. ಆ ಹಳೇ ಹಾಸಿಗೆ ಬಿಚ್ಚಿದರೆ ಕೋಣೆಯಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ನಾವು ಹೊರಡುವ ದಿನ ಗೊತ್ತಾದ ಮೇಲೆ ಇವರು ಗುಬ್ಬಿಯ ಒಂದು ದೊಡ್ಡ ಮದುವೆಯ ಹಾಸಿಗೆ ದಿಂಬೆಲ್ಲ ಒಪ್ಪಿಕೊಂಡು ಬಂದರು.

"ಹೊಲಿಯೋರು ಯಾರು?" ಎಂದ ಜಾವೇದ್.

"ನಿನ್ ಹೆಂಡ್ತಿ ಇಲ್ವಾ?"

"ಅವಳು ಉಳ್ಳಾಲಕ್ಕೆ ಹೋಗ್ತಾಳಲ್ಲಪ್ಪ."

"ಹೊಲ್ದು ಹೋಗ್ಲಿ. ಸಮುದ್ರ ಎಲ್ಲಿಗೂ ಓಡೋಗಲ್ಲ."

ಜಾವೇದನಿಗೆ ಅಪ್ಪನ ಮುಂದೆ ಮಾತು ಬೆಳೆಸಿ ಅಭ್ಯಾಸವಿಲ್ಲ. ಅವನು ಹೋಗಿ ಮಷೀನಿನ ಸ್ವಿಚ್ ಹಾಕಿದ. ಒಳಗೆ ಮಗು ಕೆಮ್ಮಿತು. ಸ್ವಿಚ್ ತೆಗೆದ. ಇವರು ಅಂಗಡಿಯಿಂದ ಕೂಗಿದರು, "ಕರೆಂಟ್ ಹೋಯ್ತೇನ್ಲಾ?" ಮತ್ತೆ ಹಾಕಿದ.

ಫಿರ್ದೋಸ್ ಹೊಲಿದಳು. ಬೆಳಗಿನ ನಮಾಜಿಗೆ ಎದ್ದರೆ ಆಗಲೇ ಅವಳ ಮಷೀನಿನ ಸದ್ದು. ಮಗುವನ್ನು ಪಕ್ಕದ ಮನೆಯ ಭದ್ರಮ್ಮನವರ ಪಡಸಾಲೆಯಲ್ಲಿ ಬಿಟ್ಟು, ಇತ್ತ ಅಡುಗೆಗೆ ಕೈ ಹಾಕಿ, ಅತ್ತ ಹೋಗಿ ಕಾಲಿಟ್ಟು ತುಳಿಯುತ್ತಿದ್ದಳು. ಭದ್ರಮ್ಮ ಬೇಲಿಯ ಆಚೆಯಿಂದ, "ಏನವ್ವ ಫಿರ್ದೋಸು, ಮದುವೆ ಗುಬ್ಬೀದಾ, ನಿಂದಾ?" ಎಂದು ನಗಿಸಲು ನೋಡಿದರು. ಇವಳು ನಗಲಿಲ್ಲ. ಹೊರಡಲು ಇನ್ನೂ ನಾಲ್ಕು ದಿನ ಇರುವಾಗಲೇ ಕೊನೆಯ ದಿಂಬಿನ ಚೀಲದವರೆಗೆ ಎಲ್ಲ ಹೊಲಿದು ಮಡಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು.

"ಇನ್ನೇನಾದ್ರೂ ಇದೆಯಾ ಮಾವ?"

ಇವರು ಹೊಲಿಗೆ ಎಳೆದು ನೋಡಿದರು. ತಪ್ಪು ಹುಡುಕಿದರು, ಸಿಗಲಿಲ್ಲ.

"ಐತೆ. ಒಂದು ಚಿಕ್ಕ ಹಾಸಿಗೆ ಬಟ್ಟೆ. ಝೋಯಾಗೆ."

"ಯಾಕೆ?"

"ಯಾಕೆ ಅಂದ್ರೆ? ಅಲ್ಲಿ ಕಂಡೋರು ಮಲಗಿದ ಹಾಸಿಗೆ ಮೇಲೆ ನನ್ ಮೊಮ್ಮಗು ಮಲಗ್ತದಾ? ಲಾಡ್ಜ್ ಹಾಸಿಗೆ ನಾನು ನೋಡಿಲ್ವಾ? ಒಳಗೆ ತುಂಬಿರೋದೆಲ್ಲ ಮಿಲ್ ಕಸ."

"ಹಾಸಿಗೇನೇ ಬೇಡ ಮಾವ. ಚಾಪೆ ಮೇಲೆ ಮಲಗಿಸ್ತೀನಿ."

ಅಂಗಡಿಯಲ್ಲಿ ಜಾವೇದ್ ಇದ್ದ, ಅಫ್ರೋಜ್ ಇದ್ದ, ಟೀ ತಂದ ನಾನಿದ್ದೆ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಮೊದಲ ಹಾಸಿಗೆಯನ್ನು ಮನೆಯ ಹಿರಿಯನೇ ಬಿಸ್ಮಿಲ್ಲಾ ಹೇಳಿ ತುಂಬಬೇಕು. ಮದುವೆಯಾಗಿ ಹೋಗುವ ಹುಡುಗಿಗೆ ಚಿನ್ನ ಕಡಿಮೆಯಾದರೂ ಹಾಸಿಗೆ ಕಡಿಮೆಯಾಗುವಂತಿಲ್ಲ. ಪಿಂಜಾರನ ಮನೆಯ ಮಗು ಚಾಪೆಯ ಮೇಲೆ ಮಲಗಿತು ಎಂದರೆ ಆ ಮನೆಯಲ್ಲಿ ಕೈ ನಡೆಯುವವರೇ ಇಲ್ಲ ಎಂದು ಅರ್ಥ.

"ಉಳ್ಳಾಲದಲ್ಲಿ ನಾವು ಪಿಂಜಾರರು ಅಂತ ಯಾರಿಗೆ ಗೊತ್ತಾಗ್ತದೆ ಬಿಡಪ್ಪ" ಎಂದ ಅಫ್ರೋಜ್, ಮಾತು ತೇಲಿಸಲು.

"ನಂಗೆ ಗೊತ್ತು ಕಣೋ!" ಇವರು ಗಲ್ಲಾಪೆಟ್ಟಿಗೆ ಗುದ್ದಿದರು. "ಹತ್ತಿ ಬೇಡ ಅಲ್ವಾ? ಹತ್ತಿ ಹಾಕಲ್ಲ. ಹುತ್ರಿದುರ್ಗದಿಂದ ಬಂದ ಬೂರುಗದ ಅರಳೆ ಇಟ್ಟಿದೀನಿ, ಬೇಸಿಗೇಲಿ ಮರದಿಂದ ಬಿಡಿಸಿದ್ದು. ಬೂರುಗಕ್ಕೆ ಮಷೀನ್ ಬೇಡ. ಕೋಲಲ್ಲಿ ಬಡಿದು ಬೀಜ ಬಿಡಿಸಿದ್ರೆ ಆಯ್ತು. ರೇಷ್ಮೆ ಇದ್ದಂಗೆ. ಅದ್ರಲ್ಲಿ ಧೂಳು ಎಲ್ಲಿ ಬರ್ತದೆ?"

"ಬೂರುಗ ಆದ್ರೂ ಅದೇ ಮಾವ. ಹಾರ್ತದೆ, ಮೂಗಿಗೆ ಹೋಗ್ತದೆ. ಆ ಹಾಸಿಗೆ ಜೊತೇಲಿ ಬಂದ್ರೆ ನಾವು ಹೋಗಿದ್ದೂ ಒಂದೇ, ಬಿಟ್ಟಿದ್ದೂ ಒಂದೇ."

"ನೀನು ಹೊಲ್ದು ಕೊಡ್ತೀಯೋ ಇಲ್ವೋ?"

"ಇಲ್ಲ."

"ಜಾವೇದ್?"

ಜಾವೇದ್ ಅಪ್ಪನನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. "ಗುಬ್ಬಿಗೆ ಲಗೇಜ್ ಆಟೋ ಹೇಳಿ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೋದ.

ಆ ರಾತ್ರಿ ಅವರಿಬ್ಬರ ಕೋಣೆಯಿಂದ ಮಾತು ಕೇಳಿಸಿತು. "ಒಂದು ಮಾತು ನನ್ ಪರವಾಗಿ ಆಡಿದ್ರೆ ನಿಮ್ ನಾಲಿಗೆ ಸವೀತಿತ್ತಾ?" ಎಂದಳು ಅವಳು. ಜಾವೇದ್ ಏನೋ ಅಂದ. ಅವಳು, "ಹಂಗಾದ್ರೆ ಹಾಸಿಗೆ ನಿಮ್ಮಪ್ಪನ ಜೊತೆ ಕಳಿಸಿ, ಮಗು ನನ್ ಜೊತೆ ಬರ್ತದೆ" ಎಂದಳು. ಆಮೇಲೆ ದೀಪ ಆರಿತು.

ಇವರು ಬಟ್ಟೆಯನ್ನು ತಾವೇ ಕತ್ತರಿಸಿದರು. ಹೂವಿನ ಬಟ್ಟೆ, ಕೆಂಪು. ಕೈಸೂಜಿಯಲ್ಲಿ ಹೊಲಿದರು. ಕನ್ನಡಕ ಮೂಗಿನ ತುದಿಗಿಳಿಸಿ, ಸೂಜಿಗೆ ದಾರ ಪೋಣಿಸಲು ಝೋಯಾಳನ್ನೇ ಕರೆಯುತ್ತಿದ್ದರು. ಅವಳು ಉತ್ಸಾಹದಿಂದ ಪೋಣಿಸಿ ಕೊಡುತ್ತಿದ್ದಳು. "ತಾತ, ಸಮುದ್ರದಲ್ಲಿ ಹಾಸಿಗೆ ತೇಲ್ತದಾ?" ಎಂದು ಕೇಳಿದರೆ, "ನಾನು ಮಾಡಿದ್ದಾದ್ರೆ ತೇಲ್ತದೆ" ಎನ್ನುತ್ತಿದ್ದರು. ಅವಳನ್ನು ಕಂಡರೆ ಅವರಿಗೆ ಪ್ರಾಣ. ಅದರಲ್ಲಿ ಎರಡು ಮಾತಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಫಿರ್ದೋಸ್ ಮಗುವಿನ ಔಷಧಿ ತರಲು ಪೇಟೆಗೆ ಹೋದಳು. ಜಾವೇದ್ ಗುಬ್ಬಿಗೆ ಹಾಸಿಗೆ ಇಳಿಸಲು ಹೋಗಿದ್ದ. ಅಫ್ರೋಜ್ ಬೀದಿಯಲ್ಲಿ ವ್ಯಾನು ತೊಳೆಯುತ್ತಿದ್ದ. ನಾನು ದಾರಿಗೆಂದು ಚಪಾತಿ ಬೇಯಿಸುತ್ತಾ ಕೂತಿದ್ದೆ. ಝೋಯಾ ಭದ್ರಮ್ಮನವರ ಮನೆಯಲ್ಲಿದ್ದಾಳೆ ಎಂದೇ ನನ್ನ ಲೆಕ್ಕ.

ಇವರು ನಡುವಿನ ಕೋಣೆಯಲ್ಲಿ ಬೂರುಗ ಬಡಿಯುತ್ತಿದ್ದರು. ಮನೆಯೊಳಗೆ ಹಾರದಿರಲಿ ಎಂದು ಕಿಟಕಿ ಹಾಕಿ, ಬಾಗಿಲೂ ಹಾಕಿಕೊಂಡಿದ್ದರು. ಕೋಲಿನ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು, ಇವರ ದನಿ, "ಬಾ ಬಾ, ಬೇಗ ಹಾಕು ಬಾಗಿಲು." ಗಿರಾಕಿ ಯಾರೋ ಎಂದುಕೊಂಡೆ. ಆಮೇಲೆ ಮಗುವಿನ ನಗು. ಬೂರುಗದ ರಾಶಿಯ ಮೇಲೆ ಬೀಳುತ್ತಾ ಏಳುತ್ತಾ ನಗುವ ನಗು. ನನ್ನ ಕೈಯಲ್ಲಿ ಹಿಟ್ಟಿನ ಉಂಡೆ. ತವೆಯ ಮೇಲಿದ್ದ ಚಪಾತಿ ತಿರುವಿ ಹಾಕಿ ಎದ್ದೆ. ಅಷ್ಟರಲ್ಲಿ ನಗು ಕೆಮ್ಮಾಯಿತು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಕೆಮ್ಮೂ ನಿಂತಿತು.

"ಮುನವ್ವರಾ!" ಎಂದು ಇವರು ನನ್ನ ಹೆಸರು ಹಿಡಿದು ಕೂಗಿದರು.

ಬಾಗಿಲು ತೆಗೆದುಕೊಂಡಿತು. ಇವರು ಮಗುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದರು. ಇಬ್ಬರ ತಲೆ, ರೆಪ್ಪೆ, ಬಟ್ಟೆ ಎಲ್ಲ ಬಿಳಿ. ಆ ಬಿಳಿಯ ನಡುವೆ ಮಗುವಿನ ತುಟಿ ನೇರಳೆ ಹಣ್ಣು ತಿಂದಂತೆ ಕಂಡಿತು. ಎದೆ ಏಳುತ್ತಿತ್ತು, ಉಸಿರು ಬರುತ್ತಿರಲಿಲ್ಲ.

ಅಫ್ರೋಜ್ ಬಕೆಟ್ ಬೀದಿಯಲ್ಲೇ ಬಿಟ್ಟ. ಸೋಪಿನ ನೊರೆ ಮೆತ್ತಿದ್ದ ವ್ಯಾನಿನಲ್ಲೇ ಹೋದೆವು. ದಾರಿಯುದ್ದಕ್ಕೂ ಇವರು ಮಗುವಿನ ಮುಖದಿಂದ ಒಂದೊಂದೇ ಎಳೆ ತೆಗೆಯುತ್ತಿದ್ದರು. ಕೈಗೂ ಬೂರುಗ ಮೆತ್ತಿದ್ದರಿಂದ ತೆಗೆದಷ್ಟೂ ಮತ್ತೆ ಅಂಟುತ್ತಿತ್ತು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ತೆಗೆದುಕೊಂಡು ಹೋದರು. ಇವರೂ ಹಿಂದೆಯೇ ನುಗ್ಗಿದರು. ನರ್ಸ್ ಅಡ್ಡ ನಿಂತಳು.

"ತಾತ, ಈ ಬಟ್ಟೇಲಿ ಒಳಗೆ ಬರ್ಬೇಡಿ. ಮೊದ್ಲು ಆಚೆ ಹೋಗಿ. ನಿಮ್ಮಿಂದಾನೇ ಮಗೂಗೆ ಜಾಸ್ತಿ ಆಗ್ತದೆ."

ಇವರು ತಮ್ಮ ಅಂಗಿಯನ್ನು ನೋಡಿಕೊಂಡರು. ಮೆಟ್ಟಿಲಿಳಿದು, ಗೇಟಿನ ಆಚೆ, ಎಳನೀರಿನವನ ಪಕ್ಕ ನಿಂತರು. ಭದ್ರಮ್ಮನವರಿಂದ ಸುದ್ದಿ ತಿಳಿದ ಫಿರ್ದೋಸ್ ಆಟೋದಿಂದ ಇಳಿದು ಓಡಿ ಬಂದಾಗ ಅವರು ಅಲ್ಲೇ ಇದ್ದರು. ಅವಳು ನಿಂತಳು. ಅವರ ಗಡ್ಡ, ತಲೆ, ತೋಳು ನೋಡಿದಳು. ಏನಾಯಿತೆಂದು ಕೇಳುವ ಅಗತ್ಯ ಬೀಳಲಿಲ್ಲ. ಬೈಯುತ್ತಾಳೆ ಎಂದು ಮೆಟ್ಟಿಲ ಮೇಲಿದ್ದ ನಾನು ಕಾದೆ, ಅವರೂ ಕಾದರು. ಅವಳು ಒಳಗೆ ಹೋದಳು.

ಸಂಜೆಯ ಆಸರ್ ನಮಾಜಿನ ಹೊತ್ತಿಗೆ ಮಗುವಿನ ಉಸಿರು ಹದಕ್ಕೆ ಬಂತು. ಡಾಕ್ಟರು ಎರಡು ದಿನ ಇಲ್ಲೇ ಇರಲಿ ಎಂದರು. ಇವರು ಮನೆಗೆ ಹೋಗಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಬಂದರು. ಆದರೂ ಗೇಟು ದಾಟಲಿಲ್ಲ. "ನೀನೇ ನೋಡ್ಕೊಂಡು ಬಂದು ಹೇಳು" ಎಂದರು ನನಗೆ. ಎರಡೂ ದಿನ ಹಾಗೇ ಮಾಡಿದರು. ನಾನು ತಂದ ಊಟವನ್ನು ಎಳನೀರಿನವನ ಕಲ್ಲಿನ ಮೇಲೆ ಕೂತು ಉಂಡರು.

ಜಾವೇದ್ ಹೆಂಡತಿಗೆ ಹೇಳಿದ್ದು ಕೇಳಿಸಿತು. "ಇನ್ನು ಅಷ್ಟು ದೂರ ಯಾಕೆ? ಏನು ಅಂತ ಗೊತ್ತಾಯ್ತಲ್ಲ."

"ಗೊತ್ತಾಗಿರೋದು ನಂಗೆ ಮುಂಚೇನೇ ಗೊತ್ತಿತ್ತು. ಮಗು ಉಸಿರಾಡ್ಲಿ ಅಂತ ಹೋಗ್ತಿರೋದು. ಇಲ್ಲಿಂದಾನೇ ಹೊರಡ್ತೀನಿ. ಆ ಮನೆ ಹೊಸ್ತಿಲು ಮಾತ್ರ ತುಳಿಸಲ್ಲ ಅವಳ ಕೈಲಿ."

"ನಾನೂ ಬರ್ತೀನಿ" ಎಂದ ಜಾವೇದ್.

"ನೀವು ಇಲ್ಲಿರಿ. ನಿಮಗೆ ಇಲ್ಲೇ ಕೆಲಸ ಇದೆ" ಎಂದಳು.

ಅಫ್ರೋಜನ ಶಬರಿಮಲೆ ಬಾಡಿಗೆ ಅಡ್ಡ ಬರುತ್ತಿತ್ತು. ಅವನು ಕುಣಿಗಲ್‌ಗೆ ಫೋನು ಮಾಡಿದ. ಬೆಟ್ಟಸ್ವಾಮಿ, "ಮಗೂನ ಬಿಟ್ಟು ಬಾರಪ್ಪ. ನಾವು ಒಂದೆರಡು ದಿನ ತಡವಾಗಿ ಇರುಮುಡಿ ಕಟ್ತೀವಿ. ಅಯ್ಯಪ್ಪ ಎಲ್ಲಿಗೂ ಹೋಗಲ್ಲ" ಎಂದರಂತೆ. ಅಫ್ರೋಜ್ ಅದನ್ನು ಹೇಳುವಾಗ ಕಣ್ಣು ಒರೆಸಿಕೊಂಡ, ಜೋಕು ಮಾಡಲಿಲ್ಲ.

ಹೊರಡುವ ಬೆಳಿಗ್ಗೆ ಸಾಮಾನು ತೆಗೆದುಕೊಳ್ಳಲು ಓಣಿಗೆ ಬರಲೇಬೇಕಾಯಿತು. ಫಿರ್ದೋಸ್ ವ್ಯಾನನ್ನು ಮನೆಯ ಮುಂದೆ ತರಲು ಬಿಡಲಿಲ್ಲ. ಓಣಿಯ ಮೂಲೆಯಲ್ಲಿ ನಿಲ್ಲಿಸಿ, ಕಿಟಕಿ ಏರಿಸಿಕೊಂಡು ಕೂತಳು. ಮಗು ಅವಳ ತೊಡೆಯ ಮೇಲೆ, ಮಫ್ಲರ್ ಸುತ್ತಿಕೊಂಡು. ಜಾವೇದ್ ಪಾತ್ರೆ ಚೀಲ, ಸೀಮೆಎಣ್ಣೆ ಸ್ಟೌವ್ ತಂದು ಹಿಂದೆ ಇಟ್ಟ. ಇವರು ಅವನ ಹಿಂದೆ ನಡೆದು ಬಂದರು. ಕೈಯಲ್ಲಿ ಏನೂ ಇರಲಿಲ್ಲ. ವ್ಯಾನಿನಿಂದ ಒಂದು ಮಾರು ದೂರದಲ್ಲೇ ನಿಂತರು.

ಝೋಯಾ ಗಾಜಿಗೆ ಬಾಯಿ ಹಚ್ಚಿ ಕೂಗಿದಳು. "ತಾತ, ನನ್ ಹಾಸಿಗೆ?"

"ಬೇಡ ಕಣವ್ವ. ಅಲ್ಲಿ ಚಾಪೆ ಮೇಲೇ ಚೆನ್ನಾಗಿ ನಿದ್ದೆ ಬರ್ತದಂತೆ."

ಆ ಮಾತು ಅವರ ಬಾಯಿಂದ ಬಂದಾಗ ಜಾವೇದ್ ಮುಖ ಆಚೆ ತಿರುಗಿಸಿಕೊಂಡ. ಇವರು ಸೊಸೆಯನ್ನು ನೋಡದೆ, ವ್ಯಾನಿನ ಚಕ್ರವನ್ನು ನೋಡುತ್ತಾ ಹೇಳಿದರು.

"ಹದಿನೈದು ದಿನ ಅಲ್ವಾ ಡಾಕ್ಟ್ರು ಹೇಳಿದ್ದು?"

"ಹೂಂ ಮಾವ." ಗಾಜಿನ ಒಳಗಿನಿಂದ ಅವಳ ದನಿ ಸಣ್ಣಗೆ ಬಂತು.

"ಸಾಲದು. ನಾನು ಹೇಳಿ ಕಳಿಸೋಗಂಟ ಬರ್ಬೇಡಿ. ಮಷೀನ್ ಕಿತ್ತು ಆಚೆ ಸಾಗಿಸೋಕೆ ಜನ ಬೇಕು, ಸೀಜನ್ನಲ್ಲಿ ಯಾರೂ ಸಿಗಲ್ಲ. ಶೆಡ್ ನೋಡ್ಬೇಕು. ಮನೆ ಗೋಡೆ ಪೂರ್ತಿ ತೊಳ್ದು ಸುಣ್ಣ ಹೊಡೀಬೇಕು. ಟೈಮ್ ಹಿಡೀತದೆ."

"ರಂಜಾನ್ ಬರ್ತದಲ್ಲ" ಎಂದೆ ನಾನು. ನಲವತ್ತು ವರ್ಷದಲ್ಲಿ ಒಂದು ಸಲವೂ ಅವರು ನನ್ನ ಕೈಯ ಗಂಜಿಯಿಲ್ಲದೆ ರೋಜಾದ ಉಪವಾಸ ಮುರಿದವರಲ್ಲ.

"ಬರ್ಲಿ. ಉಳ್ಳಾಲದಲ್ಲಿ ಚಂದ್ರ ಕಾಣಲ್ವಾ? ಹತ್ತು, ನೀನೂ ಹತ್ತು. ಮಗೂನ ಒಬ್ಳೇ ನೋಡ್ಕೊಳೋದು ಕಷ್ಟ ಅವಳಿಗೆ."

ಹತ್ತಿದೆ. ಅಫ್ರೋಜ್ ಗಾಡಿ ಹಿಂದಕ್ಕೆ ತೆಗೆದು ತಿರುಗಿಸುತ್ತಿದ್ದ. ಅಷ್ಟರಲ್ಲಿ ಊರ್ಡಿಗೆರೆ ಕಡೆಯ ನರಸಿಂಹಯ್ಯ ಎಂಬ ಗಿರಾಕಿ ಆಟೋದಿಂದ ಒಂದು ಹಳೇ ಹಾಸಿಗೆ ಇಳಿಸಿ ತಲೆಯ ಮೇಲೆ ಹೊತ್ತು, ನೇರ ನಮ್ಮ ಬಾಗಿಲಿಗೆ ನಡೆದ. ಎಲ್ಲರೂ ಹಾಗೇ ಒಳಗೆ ತಂದು ಹಾಕುವುದು ವಾಡಿಕೆ. ಇವರು ಮೂಲೆಯಿಂದ ದಾಪುಗಾಲು ಹಾಕಿ ಹೋಗಿ ಬಾಗಿಲಿಗೆ ಅಡ್ಡ ಕೈ ಇಟ್ಟರು.

"ಒಳಗೆ ಬೇಡ. ಇಲ್ಲೇ ಇಳಿಸಿ."

"ಬೀದೀಲಾ ಸಾಬ್ರೇ?"

"ಹೂಂ, ಬೀದೀಲೇ. ಬಿಸಿಲಲ್ಲಿ ಕೂತು ಬಿಚ್ಚಿ ಕೊಡ್ತೀನಿ. ಇನ್ಮೇಲೆ ಹಿಂಗೇನೇ."

ಆತ ಗೊಣಗುತ್ತಾ ಹಾಸಿಗೆಯನ್ನು ಮೋರಿಯ ಕಲ್ಲಿನ ಮೇಲೆ ಕೆಡವಿದ. ಧೂಳು ಎದ್ದು ಗಾಳಿಗೆ ಆ ಕಡೆ ಹೋಯಿತು. ನಾನು ನೋಡುತ್ತಿದ್ದ ಕಡೆಗೇ ಫಿರ್ದೋಸೂ ತಿರುಗಿ ನೋಡುತ್ತಿದ್ದಳು. ಗಾಡಿ ಕುಣಿಗಲ್ ರಸ್ತೆ ಹಿಡಿದ ಮೇಲೆ ಕೈ ಚಾಚಿ ಮಗುವಿನ ಕಡೆಯ ಕಿಟಕಿಯನ್ನು ಸ್ವಲ್ಪ ಇಳಿಸಿದಳು.